ಬೆಲ್ಜಿಯಂ: ಬಹುಭಾಷಿಕ ಒಕ್ಕೂಟದ ಕಾರ್ಯಾಂಗ

ಹಲವು ಭಾಷೆಗಳ ಜನ ಒಂದೇ ದೇಶವಾಗಿ ಬಾಳುವ ಕಡೆ ಶಾಸನಸಭೆಯ ಸ್ಥಾನಗಳನ್ನು ಹಂಚುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಜನಸಂಖ್ಯೆಯ ಲೆಕ್ಕ ಹಿಡಿದರೆ ಒಂದು ಹದಕ್ಕೆ ಬರುತ್ತದೆ. ತೊಡಕು ಎದುರಾಗುವುದು ಕಾರ್ಯಾಂಗದಲ್ಲಿ. ಮಂತ್ರಿಮಂಡಲದಲ್ಲಿರುವ ಕುರ್ಚಿಗಳು ಕೆಲವೇ. ಅಲ್ಲಿ ಆಗುವ ತೀರ್ಮಾನ ಎಲ್ಲರಿಗೂ ಒಂದೇ. ಆ ತೀರ್ಮಾನ ಜಾರಿಗೆ ಬರುವುದು ಯಾವುದೋ ಒಂದು ಭಾಷೆಯಲ್ಲಿ ಬರೆದ ಕಡತದ ಮೂಲಕ, ಯಾವುದೋ ಒಂದು ಭಾಷೆ ಬಲ್ಲ ಅಧಿಕಾರಿಯ ಕೈಯಿಂದ. ಈ ತೊಡಕನ್ನು ಬೆಲ್ಜಿಯಂನಷ್ಟು ವಿವರವಾಗಿ ಸಂವಿಧಾನದಲ್ಲೇ ಬರೆದುಕೊಂಡ ದೇಶಗಳು ವಿರಳ. ಒಂದು ಕೋಟಿ ಹದಿನೆಂಟು ಲಕ್ಷದಷ್ಟು ಜನರಿರುವ ಈ ಪುಟ್ಟ ರಾಜಪ್ರಭುತ್ವದಲ್ಲಿ ಆರು ಸರ್ಕಾರಗಳಿವೆ, ಮೂರು ಅಧಿಕೃತ ಭಾಷೆಗಳಿವೆ. ಕೇಂದ್ರ ಮಂತ್ರಿಮಂಡಲದಲ್ಲಿ ಡಚ್ ಭಾಷಿಕರೂ ಫ್ರೆಂಚ್ ಭಾಷಿಕರೂ ಸಮಸಂಖ್ಯೆಯಲ್ಲಿರಬೇಕೆಂಬ ಕಟ್ಟಳೆಯಿದೆ. ಈ ಏರ್ಪಾಡು ದೇಶ ಒಡೆಯದಂತೆ ಹಿಡಿದಿಟ್ಟಿದೆ ಎನ್ನುವವರಿದ್ದಾರೆ, ದೇಶ ನಡೆಯದಂತೆ ಕಟ್ಟಿಹಾಕಿದೆ ಎನ್ನುವವರೂ ಇದ್ದಾರೆ. ಎರಡಕ್ಕೂ ಪುರಾವೆಗಳುಂಟು. ಆ ಪುರಾವೆಗಳನ್ನು ಒಟ್ಟಿಗಿಟ್ಟು ನೋಡಿದರೆ ಬೇರೊಂದು ಸಂಗತಿ ತೋರುತ್ತದೆ: ಯಾವ ಭಾಷೆಯ ಮಂತ್ರಿಗಳು ಎಷ್ಟು ಮಂದಿ ಇರಬೇಕು ಎಂಬುದನ್ನು ಬೆಲ್ಜಿಯಂ ಚೆನ್ನಾಗಿಯೇ ಬಗೆಹರಿಸಿಕೊಂಡಿತು, ಆ ಮಂತ್ರಿಗಳು ಯಾರಿಗೆ ಉತ್ತರ ಹೇಳಬೇಕು ಎಂಬುದನ್ನು ಬಗೆಹರಿಸದೆ ಬಿಟ್ಟಿತು.

1830ರಲ್ಲಿ ನೆದರ್ಲೆಂಡ್ಸ್‌ನಿಂದ ಬೇರ್ಪಟ್ಟು 1831ರಲ್ಲಿ ಸಂವಿಧಾನ ಪಡೆದಾಗ ಬೆಲ್ಜಿಯಂ ಒಕ್ಕೂಟವಾಗಿರಲಿಲ್ಲ, ಒಂದೇ ಕೇಂದ್ರದಿಂದ ಆಳುವ ದೇಶವಾಗಿತ್ತು. ಉತ್ತರದ ಫ್ಲಾಂಡರ್ಸ್‌ನ ಬಹುಪಾಲು ಜನರ ಮಾತು ಡಚ್ಚಿನ ಉಪಭಾಷೆಗಳು. ದಕ್ಷಿಣದ ವಲೋನಿಯಾದ್ದು ಫ್ರೆಂಚ್ ಮತ್ತು ಅದರ ಬಳಗದ ನುಡಿಗಳು. ಆದರೆ ಸರ್ಕಾರ, ಸೇನೆ, ನ್ಯಾಯಾಲಯ, ವಿಶ್ವವಿದ್ಯಾಲಯ ಎಲ್ಲ ನಡೆದದ್ದು ಫ್ರೆಂಚ್‌ನಲ್ಲಿ, ಏಕೆಂದರೆ ಫ್ಲಾಂಡರ್ಸ್‌ನ ಸಿರಿವಂತರೂ ಫ್ರೆಂಚನ್ನೇ ಆಡುತ್ತಿದ್ದರು. ಕಾನೂನುಗಳ ಡಚ್ ಪಾಠಕ್ಕೆ ಫ್ರೆಂಚ್ ಪಾಠದಷ್ಟೇ ಮಾನ್ಯತೆ ಸಿಕ್ಕಿದ್ದು 1898ರಲ್ಲಿ. ಗೆಂಟ್ ವಿಶ್ವವಿದ್ಯಾಲಯ ಡಚ್ ಮಾಧ್ಯಮಕ್ಕೆ ಬಂದದ್ದು 1930ರಲ್ಲಿ. 1932ರ ಕಾನೂನು ಆಡಳಿತದ ಭಾಷೆಯನ್ನು ಆಯಾ ಊರಿನ ಜನಗಣತಿಗೆ ಕಟ್ಟಿತು. ಹಾಗಾಗಿ ಹತ್ತು ವರ್ಷಕ್ಕೊಮ್ಮೆ ಗಣತಿ ಬಂತೆಂದರೆ ಯಾವ ಊರು ಯಾವ ಕಡೆಗೆ ವಾಲೀತೆಂಬ ಆತಂಕ. ಬ್ರಸೆಲ್ಸ್ ಸುತ್ತಲಿನ ಊರುಗಳು ಒಂದೊಂದಾಗಿ ಫ್ರೆಂಚ್ ಕಡೆಗೆ ಸರಿಯುತ್ತಿದ್ದುದನ್ನು ಕಂಡ ಫ್ಲೆಮಿಶ್ ಜನ, ಅಂದರೆ ಫ್ಲಾಂಡರ್ಸ್‌ನ ಡಚ್ ಭಾಷಿಕರು, ಭಾಷಾಗಣತಿಯನ್ನೇ ನಿಲ್ಲಿಸಬೇಕೆಂದು ಪಟ್ಟು ಹಿಡಿದರು. 1947ರ ಗಣತಿಯೇ ಕೊನೆಯದಾಯಿತು. 1962-63ರ ಕಾನೂನುಗಳು ಭಾಷಾಗಡಿಯನ್ನು ಶಾಶ್ವತವಾಗಿ ಗೆರೆ ಎಳೆದು ನಿಲ್ಲಿಸಿದವು. ಡಚ್ ಪ್ರದೇಶ, ಫ್ರೆಂಚ್ ಪ್ರದೇಶ, ಜರ್ಮನ್ ಪ್ರದೇಶ ಮತ್ತು ದ್ವಿಭಾಷಾ ಬ್ರಸೆಲ್ಸ್ ಎಂಬ ಆಗಿನ ನಾಲ್ಕು ಭಾಗಗಳೇ ಇಂದಿನ ಎಲ್ಲ ಸರ್ಕಾರಗಳ ತಳಪಾಯ. ಊರಿನಲ್ಲಿ ಯಾರು ಎಷ್ಟಿದ್ದಾರೆ ಎಂದು ಎಣಿಸುವುದನ್ನು ಕೈಬಿಟ್ಟ ದೇಶವೇ ಕೆಲವೇ ವರ್ಷಗಳಲ್ಲಿ ಮಂತ್ರಿಮಂಡಲದಲ್ಲಿ ಎಣಿಕೆ ಶುರು ಮಾಡಿತು.

ಅದಾದದ್ದು 1970ರ ಸಂವಿಧಾನ ತಿದ್ದುಪಡಿಯಲ್ಲಿ. ಇಂದು 99ನೇ ವಿಧಿಯಾಗಿರುವ ಆ ನಿಯಮ ಚಿಕ್ಕದು: ಮಂತ್ರಿಮಂಡಲದಲ್ಲಿ ಹದಿನೈದಕ್ಕಿಂತ ಹೆಚ್ಚು ಸದಸ್ಯರಿರಕೂಡದು, ಪ್ರಧಾನಿಯನ್ನು ಬೇಕಿದ್ದರೆ ಲೆಕ್ಕದಿಂದ ಹೊರಗಿಟ್ಟು, ಡಚ್ ಭಾಷಿಕ ಮಂತ್ರಿಗಳೂ ಫ್ರೆಂಚ್ ಭಾಷಿಕ ಮಂತ್ರಿಗಳೂ ಸಮಸಂಖ್ಯೆಯಲ್ಲಿರಬೇಕು. ಹಾಗಾಗಿ ಏಳು, ಏಳು, ಮೇಲೊಬ್ಬ ಪ್ರಧಾನಿ ಎಂಬುದು ರೂಢಿ. ಮಂತ್ರಿಮಂಡಲಕ್ಕೆ ಸೇರದ ಕಿರಿಯ ಸಚಿವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಮಂಡಲದಲ್ಲಿ ಮತಕ್ಕೆ ಹಾಕುವ ಪದ್ಧತಿಯಿಲ್ಲ. ಒಮ್ಮತವಾಗುವವರೆಗೆ ಮಾತು, ಒಮ್ಮತವಾದ ಮೇಲೆ ಎಲ್ಲರೂ ಹೊಣೆ, ಒಪ್ಪದವನಿಗೆ ರಾಜೀನಾಮೆ. ಸಮಸಂಖ್ಯೆಯ ಅರ್ಥ ತಿಳಿಯುವುದು ಇಲ್ಲಿಯೇ: ಏಳು ಮಂದಿ ಇನ್ನೇಳು ಮಂದಿಯನ್ನು ಸೋಲಿಸಲು ಬಾರದು, ಹಾಗಾಗಿ ಮಾತಾಡಲೇಬೇಕು. ಅಧಿಕಾರಿವರ್ಗದಲ್ಲೂ ಇದೇ ತರ್ಕ. ಕೇಂದ್ರ ಕಚೇರಿಗಳ ನಿರ್ದೇಶಕ ಮಟ್ಟ ಮತ್ತು ಅದಕ್ಕೂ ಮೇಲಿನ ಹುದ್ದೆಗಳಲ್ಲಿ ಶೇ. 40 ಡಚ್ ಭಾಷಿಕರಿಗೆ, ಶೇ. 40 ಫ್ರೆಂಚ್ ಭಾಷಿಕರಿಗೆ, ಉಳಿದ ಶೇ. 20 ಎರಡೂ ಭಾಷೆ ಬಲ್ಲವರೆಂದು ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ, ಅದೂ ಅರ್ಧರ್ಧ. 54ನೇ ವಿಧಿಯ ಎಚ್ಚರಿಕೆ ಗಂಟೆ ಇನ್ನೊಂದು ರಕ್ಷೆ: ಒಂದು ಮಸೂದೆ ತಮ್ಮ ಸಮುದಾಯಕ್ಕೆ ತೀವ್ರ ಧಕ್ಕೆ ತರುತ್ತದೆಂದು ಸಂಸತ್ತಿನ ಒಂದು ಭಾಷಾ ಗುಂಪಿನ ಮುಕ್ಕಾಲು ಸದಸ್ಯರು ಬರೆದುಕೊಟ್ಟರೆ ಮಸೂದೆ ಅಲ್ಲಿಗೇ ನಿಂತು ಮಂತ್ರಿಮಂಡಲದ ಮುಂದೆ ಬರುತ್ತದೆ, ಮಂಡಲ ಮೂವತ್ತು ದಿನದೊಳಗೆ ತನ್ನ ಸಲಹೆ ಹೇಳಬೇಕು. ಈ ಗಂಟೆ ಬಾರಿಸಿದ್ದು ಬಲು ಅಪರೂಪ, ಏಕೆಂದರೆ ಮಸೂದೆ ಅಲ್ಲಿಗೆ ಬರುವ ಮೊದಲೇ ಅದೇ ಸಮಸಂಖ್ಯೆಯ ಮೇಜಿನ ಮೇಲೆ ಜರಡಿ ಹಿಡಿಸಿಕೊಂಡು ಬಂದಿರುತ್ತದೆ.

ಕೇಂದ್ರದ ಕೆಳಗೆ ಎರಡು ಬಗೆಯ ಸರ್ಕಾರಗಳಿವೆ, ಬೆಲ್ಜಿಯಂನ ವೈಶಿಷ್ಟ್ಯ ಇರುವುದು ಇಲ್ಲಿ. ಫ್ಲೆಮಿಶ್ ಜನ ಕೇಳಿದ್ದು ತಮ್ಮ ಭಾಷೆ, ಶಾಲೆ, ಸಂಸ್ಕೃತಿಯ ಮೇಲಿನ ಅಧಿಕಾರ. ಕಲ್ಲಿದ್ದಲು ಮತ್ತು ಉಕ್ಕಿನ ಉದ್ಯಮ ಕುಸಿಯುತ್ತಿದ್ದ ವಲೋನಿಯಾ ಕೇಳಿದ್ದು ತನ್ನ ಆರ್ಥಿಕತೆಯ ಮೇಲಿನ ಅಧಿಕಾರ. ಮೊದಲನೆಯದರಿಂದ ನುಡಿಯ ಸರ್ಕಾರಗಳು ಹುಟ್ಟಿದವು: ಫ್ಲೆಮಿಶ್, ಫ್ರೆಂಚ್ ಮತ್ತು ಜರ್ಮನ್ ಭಾಷಾ ಸಮುದಾಯಗಳು. ಎರಡನೆಯದರಿಂದ ನೆಲದ ಸರ್ಕಾರಗಳು ಹುಟ್ಟಿದವು: ಫ್ಲೆಮಿಶ್ ಪ್ರಾಂತ, ವಲೋನ್ ಪ್ರಾಂತ, 1989ರಲ್ಲಿ ಬ್ರಸೆಲ್ಸ್ ರಾಜಧಾನಿ ಪ್ರಾಂತ. ಫ್ಲೆಮಿಶ್ ಜನ 1980ರಲ್ಲೇ ತಮ್ಮ ಸಮುದಾಯವನ್ನೂ ಪ್ರಾಂತವನ್ನೂ ಒಂದೇ ಸರ್ಕಾರದಡಿ ತಂದುಕೊಂಡರು, ರಾಜಧಾನಿಯನ್ನು ಬ್ರಸೆಲ್ಸ್‌ನಲ್ಲೇ ಇಟ್ಟುಕೊಂಡರು. ಫ್ರೆಂಚ್ ಭಾಷಿಕರು ಬ್ರಸೆಲ್ಸ್ ಮತ್ತು ವಲೋನಿಯಾಗಳ ಹಿತ ಬೇರೆ ಬೇರೆ ಎಂದು ಎರಡನ್ನೂ ಪ್ರತ್ಯೇಕವಾಗಿ ಉಳಿಸಿಕೊಂಡರು. ವಲೋನ್ ಸರ್ಕಾರ ನಾಮ್ಯೂರ್‌ನಲ್ಲಿ ಕೂರುತ್ತದೆ. 1970, 1980, 1988-89, 1993, 2001 ಮತ್ತು 2011-14ರ ಆರು ಸುಧಾರಣೆಗಳಲ್ಲಿ ಅಧಿಕಾರ ಹಂತ ಹಂತವಾಗಿ ಕೆಳಗಿಳಿಯಿತು. ಬೆಲ್ಜಿಯಂ ಒಂದು ಒಕ್ಕೂಟ ಎಂಬ ವಾಕ್ಯ ಸಂವಿಧಾನದ ಮೊದಲ ವಿಧಿಗೆ ಬಂದದ್ದು 1993ರಲ್ಲಿ, ಅಂದರೆ ಒಕ್ಕೂಟದ ಬಹುಪಾಲು ಕಟ್ಟಡ ಎದ್ದು ನಿಂತ ಮೇಲೆ.

ಕರ್ನಾಟಕದ ಓದುಗರಿಗೆ ನುಡಿಯ ಸರ್ಕಾರಕ್ಕೂ ನೆಲದ ಸರ್ಕಾರಕ್ಕೂ ಇರುವ ವ್ಯತ್ಯಾಸ ಕಾಸರಗೋಡನ್ನು ನೆನೆದರೆ ಬೇಗ ತಿಳಿಯುತ್ತದೆ. ಭಾರತದಲ್ಲಿ 1956ರ ರಾಜ್ಯ ಪುನರ್ವಿಂಗಡಣೆ ಭಾಷೆಯನ್ನು ಬಹುಮಟ್ಟಿಗೆ ಆಧರಿಸಿದ್ದರೂ ಹುಟ್ಟಿದ ಸರ್ಕಾರಗಳೆಲ್ಲ ನೆಲದ ಸರ್ಕಾರಗಳೇ. ಕಾಸರಗೋಡಿನ ಕನ್ನಡ ಶಾಲೆ ಕೇರಳದ ಶಿಕ್ಷಣ ಇಲಾಖೆಗೆ ಸೇರಿದ್ದು. ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಅಂಥ ಶಾಲೆಗೆ ನೆರವು ಕೊಡಬಹುದು, ಅಲ್ಲಿಗೆ ಮೇಷ್ಟ್ರನ್ನು ನೇಮಿಸಲು ಬಾರದು. ಬ್ರಸೆಲ್ಸ್‌ನಲ್ಲಿ ಹಾಗಲ್ಲ. ಆ ನಗರ ಫ್ಲೆಮಿಶ್ ಪ್ರಾಂತದ ಹೊರಗಿದೆ, ಆದರೂ ಅಲ್ಲಿನ ಡಚ್ ಶಾಲೆಗಳ ಪಠ್ಯಕ್ರಮ, ಶಿಕ್ಷಕರು, ಅನುದಾನ ಎಲ್ಲವೂ ಫ್ಲೆಮಿಶ್ ಸರ್ಕಾರದ ಶಿಕ್ಷಣ ಮಂತ್ರಿಯ ಕೈಯಲ್ಲಿವೆ. ಬ್ರಸೆಲ್ಸ್‌ನ ಒಂದು ಬೀದಿಯನ್ನೇ ಗಮನಿಸಿ. ಡಚ್ ಶಾಲೆ ಫ್ಲೆಮಿಶ್ ಸಮುದಾಯದ್ದು, ಅದರ ಎದುರಿನ ಫ್ರೆಂಚ್ ಶಾಲೆ ಫ್ರೆಂಚ್ ಸಮುದಾಯದ್ದು. ಎರಡೂ ಭಾಷೆಯಲ್ಲಿ ಸೇವೆ ಕೊಡುವ ಸಾರ್ವಜನಿಕ ಆಸ್ಪತ್ರೆ ಎರಡೂ ಸಮುದಾಯಗಳ ಜಂಟಿ ಆಯೋಗದ ಮೇಲ್ವಿಚಾರಣೆಯಲ್ಲಿದೆ, ಆ ಆಯೋಗದ ಕಾರ್ಯಾಂಗವೆಂದರೆ ಬ್ರಸೆಲ್ಸ್ ಪ್ರಾಂತದ ಮಂತ್ರಿಗಳೇ. ಬೀದಿಯಲ್ಲಿ ಹೋಗುವ ಬಸ್ಸು ಮತ್ತು ಟ್ರಾಮ್ ಪ್ರಾಂತದ್ದು. ಮೂಲೆಯಲ್ಲಿರುವ ರೈಲು ನಿಲ್ದಾಣ ಕೇಂದ್ರದ್ದು. ಕೇಳಿದರೆ ತಲೆ ತಿರುಗುತ್ತದೆ. ಆದರೆ ತನ್ನ ಭಾಷೆಯ ಸರ್ಕಾರದ ನೆಲದಿಂದ ಹೊರಗಿರುವ ಮಗುವಿಗೂ ತನ್ನ ಭಾಷೆಯ ಸರ್ಕಾರವೇ ಶಾಲೆ ನಡೆಸಿಕೊಡುವ ಏರ್ಪಾಡು ಇದು ಎಂಬುದನ್ನು ಮರೆಯಬಾರದು. ಗಡಿಯಾಚೆಗೆ ಉಳಿದ ಭಾಷಿಕರ ಪಾಡು ಬಲ್ಲವರು ಇದನ್ನು ಬರಿಯ ಗೊಂದಲವೆಂದು ತಳ್ಳಿಹಾಕಲಾರರು.

ಈ ಆರು ಸರ್ಕಾರಗಳ ನಡುವೆ ಮೇಲು ಕೀಳೆಂಬುದಿಲ್ಲ. ಸಮುದಾಯ ಅಥವಾ ಪ್ರಾಂತ ಮಾಡುವ ಕಾನೂನು ಕೇಂದ್ರದ ಕಾನೂನಿಗೆ ಸಮ. ಮೀರಿದರೆ ತಡೆಯುವುದು ಸಂವಿಧಾನ ನ್ಯಾಯಾಲಯ ಮಾತ್ರ, ಅಲ್ಲಿಯೂ ಹನ್ನೆರಡು ನ್ಯಾಯಾಧೀಶರಲ್ಲಿ ಆರು ಡಚ್, ಆರು ಫ್ರೆಂಚ್. ಕೇಂದ್ರ ನೇಮಿಸಿದ ರಾಜ್ಯಪಾಲರು ಇಲ್ಲ, ರಾಷ್ಟ್ರಪತಿ ಆಳ್ವಿಕೆಯಂಥ ಅಸ್ತ್ರವೂ ಇಲ್ಲ. ಪ್ರಾಂತಗಳ ಮತ್ತು ಸಮುದಾಯಗಳ ಸಂಸತ್ತುಗಳು ಐದು ವರ್ಷಕ್ಕೆ ಆಯ್ಕೆಯಾಗುತ್ತವೆ, ನಡುವೆ ವಿಸರ್ಜಿಸುವಂತಿಲ್ಲ. ಮಂತ್ರಿಗಳನ್ನು ಆರಿಸುವುದೂ ಆ ಸಂಸತ್ತುಗಳೇ. ಅವುಗಳ ಮುಖ್ಯಮಂತ್ರಿಗಳು ರಾಜನ ಮುಂದೆಯೂ ಪ್ರಮಾಣವಚನ ಸ್ವೀಕರಿಸುತ್ತಾರೆಂಬುದಷ್ಟೇ ಮೇಲಿನ ಕೊಂಡಿ. ತಮಗೆ ಸೇರಿದ ವಿಷಯಗಳಲ್ಲಿ ಇವು ವಿದೇಶಗಳೊಡನೆ ಒಪ್ಪಂದವನ್ನೂ ಮಾಡಿಕೊಳ್ಳಬಹುದು. ಅದರ ಬಲ ಜಗತ್ತಿಗೆ ಗೊತ್ತಾದದ್ದು 2016ರ ಅಕ್ಟೋಬರ್‌ನಲ್ಲಿ. ಐರೋಪ್ಯ ಒಕ್ಕೂಟ ಮತ್ತು ಕೆನಡಾ ನಡುವಿನ ವ್ಯಾಪಾರ ಒಪ್ಪಂದಕ್ಕೆ ವಲೋನಿಯಾದ ಸಂಸತ್ತು ಒಪ್ಪಲಿಲ್ಲ. ಮುಖ್ಯಮಂತ್ರಿ ಪೌಲ್ ಮಾಗ್ನೆಟ್ ಪಟ್ಟು ಸಡಿಲಿಸಲಿಲ್ಲ. ಬೆಲ್ಜಿಯಂನ ಸಹಿ ಇಲ್ಲದೆ ಇಡೀ ಯುರೋಪಿನ ಸಹಿ ನಿಂತುಹೋಯಿತು. ಬೆಲ್ಜಿಯಂನ ಸರ್ಕಾರಗಳು ತಮ್ಮೊಳಗೆ ಹೊಸ ಷರತ್ತುಗಳನ್ನು ಬರೆದುಕೊಂಡ ಮೇಲೆ ಅಕ್ಟೋಬರ್ 30ರಂದು ಒಪ್ಪಂದಕ್ಕೆ ಸಹಿ ಬಿತ್ತು. ಇಂಥ ಬಿಕ್ಕಟ್ಟುಗಳು ಬಂದಾಗ ಕೂರುವುದಕ್ಕೆಂದೇ ಒಂದು ಸಮಾಲೋಚನಾ ಸಮಿತಿಯಿದೆ: ಪ್ರಧಾನಿಯ ಅಧ್ಯಕ್ಷತೆ, ಕೇಂದ್ರದಿಂದ ಆರು ಮಂದಿ, ಸಮುದಾಯ ಮತ್ತು ಪ್ರಾಂತಗಳಿಂದ ಆರು ಮಂದಿ, ಒಮ್ಮತದ ತೀರ್ಮಾನ. ಕೋವಿಡ್ ಕಾಲದಲ್ಲಿ ಆರೋಗ್ಯದ ಹೊಣೆ ಹೊತ್ತ ಮಂತ್ರಿಗಳು ಬೇರೆ ಬೇರೆ ಸರ್ಕಾರಗಳಲ್ಲಿ ಹಂಚಿಹೋಗಿದ್ದಾಗ ಲಾಕ್‌ಡೌನಿನ ಹಲವು ದೊಡ್ಡ ತೀರ್ಮಾನಗಳು ಹೊರಬಿದ್ದದ್ದು ಈ ಸಮಿತಿಯಿಂದ.

ಜರ್ಮನ್ ಭಾಷಿಕರ ಮಾತು ಬೇರೆಯದೇ. ಮೊದಲ ಮಹಾಯುದ್ಧದ ನಂತರ ವರ್ಸೈ ಒಪ್ಪಂದದಿಂದ ಜರ್ಮನಿಯಿಂದ ಬೆಲ್ಜಿಯಂಗೆ ಬಂದ ಪೂರ್ವದಂಚಿನ ಒಂಬತ್ತು ಊರಾಡಳಿತಗಳು, ಸುಮಾರು 80 ಸಾವಿರ ಜನ, ಓಯ್ಪೆನ್ ಪಟ್ಟಣದಲ್ಲಿ ಇಪ್ಪತ್ತೈದು ಸದಸ್ಯರ ಸಂಸತ್ತು, ನಾಲ್ಕು ಮಂತ್ರಿಗಳ ಸರ್ಕಾರ. ನಮ್ಮ ಒಂದು ಸಣ್ಣ ತಾಲ್ಲೂಕಿನಷ್ಟು ಜನರಿಗೆ ಶಿಕ್ಷಣ ಮಂತ್ರಿಯೂ ಮುಖ್ಯಮಂತ್ರಿಯೂ ಇದ್ದಾರೆ. ಕೇಂದ್ರ ಮಂತ್ರಿಮಂಡಲದ ಸಮಸಂಖ್ಯೆಯಲ್ಲಿ ಇವರಿಗೆ ಪಾಲಿಲ್ಲ. ನೆಲದ ಲೆಕ್ಕದಲ್ಲಿ ಇವರು ವಲೋನ್ ಪ್ರಾಂತಕ್ಕೇ ಸೇರುತ್ತಾರೆ. ಇದು ಅನ್ಯಾಯವೆಂದು ಮೇಲ್ನೋಟಕ್ಕೆ ಅನ್ನಿಸಬಹುದು. ಆದರೆ ವಲೋನ್ ಪ್ರಾಂತ ತನ್ನ ಅಧಿಕಾರಗಳನ್ನು ಒಪ್ಪಂದದ ಮೂಲಕ ಈ ಸಮುದಾಯಕ್ಕೆ ಬಿಟ್ಟುಕೊಡಲು ಸಂವಿಧಾನವೇ ದಾರಿ ಮಾಡಿದೆ, ಆ ದಾರಿಯಲ್ಲಿ ಉದ್ಯೋಗ, ಪ್ರವಾಸೋದ್ಯಮ, 2020ರಿಂದ ಭೂಬಳಕೆಯ ಯೋಜನೆ ಮುಂತಾದವು ಓಯ್ಪೆನ್‌ಗೆ ಬಂದಿವೆ. ಸದ್ದಿಲ್ಲದೆ, ಯಾವ ಸರ್ಕಾರವೂ ಬೀಳದೆ ಇದು ನಡೆದಿದೆ. ಕಾರಣ ಸರಳ: ಇಲ್ಲಿ ಕೊಡುವವನಿಗೂ ಪಡೆಯುವವನಿಗೂ ಒಬ್ಬರ ಮತ ಇನ್ನೊಬ್ಬರಿಂದ ಕಸಿದುಕೊಳ್ಳುವ ಪೈಪೋಟಿಯಿಲ್ಲ.

ಆ ಪೈಪೋಟಿ ಇರುವ ಕಡೆ ಏನಾಗುತ್ತದೆಂಬುದಕ್ಕೆ ಎರಡು ಊರುಗಳು ಸಾಕು. ಮೊದಲನೆಯದು ಲೂವೆನ್. ಫ್ಲಾಂಡರ್ಸ್‌ನ ನೆಲದಲ್ಲಿದ್ದ ಹಳೆಯ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ಫ್ರೆಂಚ್ ವಿಭಾಗ ಅಲ್ಲಿರಬೇಕೋ ಗಡಿ ದಾಟಿ ಹೋಗಬೇಕೋ ಎಂಬ ಜಗಳದಲ್ಲಿ 1968ರ ಫೆಬ್ರವರಿಯಲ್ಲಿ ವಾಂಡೆನ್ ಬೋಯ್ನಾಂಟ್ಸ್ ಸರ್ಕಾರ ಬಿತ್ತು. ವಿಶ್ವವಿದ್ಯಾಲಯ ಒಡೆದು ಫ್ರೆಂಚ್ ಭಾಗಕ್ಕಾಗಿ ವಲೋನಿಯಾದಲ್ಲಿ ಲೂವೆನ್-ಲ-ನವ್ ಎಂಬ ಹೊಸ ಪಟ್ಟಣವನ್ನೇ ಕಟ್ಟಿದರು. ಎರಡನೆಯದು ಫುರೋನ್ ಎಂದೂ ವೂರೆನ್ ಎಂದೂ ಕರೆಯುವ ಆರು ಹಳ್ಳಿಗಳ ಗುಂಪು. 1962-63ರ ಗಡಿಗೆರೆ ಇದನ್ನು ಫ್ರೆಂಚ್ ಭಾಷೆಯ ಲಿಯೇಜ್ ಜಿಲ್ಲೆಯಿಂದ ತೆಗೆದು ಡಚ್ ಭಾಷೆಯ ಲಿಂಬರ್ಗ್‌ಗೆ ಸೇರಿಸಿತು. ಎಂಬತ್ತರ ದಶಕದಲ್ಲಿ ಅಲ್ಲಿನ ಮೇಯರ್ ಜೋಸೆ ಹಾಪಾರ್ ಡಚ್ ಭಾಷೆಯ ಜ್ಞಾನವನ್ನು ಪರೀಕ್ಷೆಗೊಡ್ಡಲು ಒಪ್ಪಲಿಲ್ಲ. ನ್ಯಾಯಾಲಯ ಅವರ ನೇಮಕವನ್ನು ರದ್ದು ಮಾಡಿತು, ಊರು ಅವರನ್ನೇ ಮತ್ತೆ ಮುಂದಿಟ್ಟಿತು, ಕೊನೆಗೆ 1987ರ ಅಕ್ಟೋಬರ್‌ನಲ್ಲಿ ವಿಲ್ಫ್ರೆಡ್ ಮಾರ್ಟೆನ್ಸ್ ನೇತೃತ್ವದ ಕೇಂದ್ರ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಕೆಲವೇ ಸಾವಿರ ಜನರ ಹಳ್ಳಿಗಳ ಪ್ರಶ್ನೆ ಒಂದು ದೇಶದ ಸರ್ಕಾರವನ್ನು ಬೀಳಿಸಿತೆಂದರೆ ಕುರ್ಚಿಗಳ ಸಮಸಂಖ್ಯೆ ಅಲ್ಲಿ ಏಕೆ ನೆರವಿಗೆ ಬರಲಿಲ್ಲವೆಂದು ಕೇಳಬೇಕಾಗುತ್ತದೆ.

ಉತ್ತರ ಪಕ್ಷಗಳ ಚರಿತ್ರೆಯಲ್ಲಿದೆ. ದೇಶವ್ಯಾಪಿಯಾಗಿದ್ದ ಕ್ರಿಶ್ಚಿಯನ್ ಡೆಮಾಕ್ರಾಟ್ ಪಕ್ಷ ಲೂವೆನ್ ಜಗಳದಲ್ಲಿ 1968ರಲ್ಲಿ ಭಾಷೆಯ ಗೆರೆಯಗುಂಟ ಒಡೆಯಿತು. 1972ರಲ್ಲಿ ಲಿಬರಲ್ಲರು, 1978ರಲ್ಲಿ ಸಮಾಜವಾದಿಗಳು. ಅಂದಿನಿಂದ ಫ್ಲಾಂಡರ್ಸ್‌ನ ಮತದಾರ ಫ್ಲೆಮಿಶ್ ಪಕ್ಷಗಳ ನಡುವೆ ಆರಿಸುತ್ತಾನೆ, ವಲೋನಿಯಾದ ಮತದಾರ ಫ್ರೆಂಚ್ ಭಾಷಿಕ ಪಕ್ಷಗಳ ನಡುವೆ. ಎರಡೂ ಕಡೆ ಒಂದೇ ಪಕ್ಷವಾಗಿ ಸಂಸತ್ತಿನಲ್ಲಿ ಕೂರುವುದು ಎಡಪಂಥೀಯ ಕಾರ್ಮಿಕ ಪಕ್ಷವೊಂದೇ. ಹೀಗಾಗಿ ಬ್ರಸೆಲ್ಸ್‌ನ ಮತದಾರರನ್ನು ಬಿಟ್ಟರೆ, ಆಂಟ್ವರ್ಪ್‌ನ ಒಬ್ಬಾಕೆ ಲಿಯೇಜ್‌ನ ಮಂತ್ರಿಯನ್ನು ಶಿಕ್ಷಿಸಲೂ ಬಾರದು, ಮೆಚ್ಚಿ ಮತ ಹಾಕಲೂ ಬಾರದು. ಮಂತ್ರಿಯೂ ಅಷ್ಟೇ: ಆಳುವುದು ಇಡೀ ದೇಶವನ್ನು, ಮತ ಕೇಳುವುದು ಅರ್ಧ ದೇಶದಲ್ಲಿ. ತನ್ನ ಭಾಷೆಯ ಜನರ ಮುಂದೆ ಗಟ್ಟಿಯಾಗಿ ಮಾತಾಡಿದವನಿಗೆ ಲಾಭ. ಇನ್ನೊಂದು ಕಡೆಯವರೊಡನೆ ರಾಜಿಯಾದವನನ್ನು ತನ್ನ ಕಡೆಯ ಎದುರಾಳಿ ಪಕ್ಷ ಕಾದು ಹಿಡಿಯುತ್ತದೆ. 1970ರಲ್ಲಿ ಸಮಸಂಖ್ಯೆಯ ನಿಯಮ ಬರೆದಾಗ ಲಿಬರಲ್ಲರೂ ಸಮಾಜವಾದಿಗಳೂ ಇನ್ನೂ ಎರಡೂ ಭಾಷೆಯವರು ಕೂಡಿ ಬಾಳುವ ಒಂದೊಂದೇ ಮನೆಯಾಗಿದ್ದರು. ಹತ್ತು ವರ್ಷದೊಳಗೆ ಆ ಮನೆಗಳೂ ಇಬ್ಭಾಗವಾದವು, ನಿಯಮ ಮಾತ್ರ ಹಾಗೆಯೇ ಉಳಿಯಿತು.

ಸಮಸಂಖ್ಯೆ ಎಂದರೆ ಸಮ್ಮತಿಯಲ್ಲ ಎಂಬುದಕ್ಕೆ ಈಚಿನ ಸರ್ಕಾರಗಳ ಲೆಕ್ಕಗಳೇ ಸಾಕ್ಷಿ. 2014ರಲ್ಲಿ ಚಾರ್ಲ್ಸ್ ಮಿಶೆಲ್ ಸರ್ಕಾರ ರಚಿಸಿದಾಗ ಫ್ರೆಂಚ್ ಭಾಷಿಕರ ಕಡೆಯಿಂದ ಅದರಲ್ಲಿದ್ದದ್ದು ಅವರ ಲಿಬರಲ್ ಪಕ್ಷ ಒಂದೇ. ಕೆಳಮನೆಯ 63 ಫ್ರೆಂಚ್ ಭಾಷಿಕ ಸದಸ್ಯರಲ್ಲಿ ಆ ಪಕ್ಷದವರು 20 ಮಂದಿ. ಆದರೂ ಸಮಸಂಖ್ಯೆಯ ನಿಯಮದಿಂದ ಪ್ರಧಾನಿಯೂ ಸೇರಿ ಏಳು ಮಂತ್ರಿಸ್ಥಾನಗಳು ಅದಕ್ಕೇ ಬಂದವು. ಅದಕ್ಕೂ ಮುಂಚೆ 2011ರಲ್ಲಿ ಎಲಿಯೊ ಡಿ ರೂಪೊ ಸರ್ಕಾರಕ್ಕೆ 88 ಡಚ್ ಭಾಷಿಕ ಸದಸ್ಯರಲ್ಲಿ 43 ಮಂದಿಯ ಬೆಂಬಲವಿತ್ತು. 2020ರ ಅಲೆಕ್ಸಾಂಡರ್ ಡಿ ಕ್ರೂ ಸರ್ಕಾರಕ್ಕೂ ಡಚ್ ಭಾಷಿಕರಲ್ಲಿ ಬಹುಮತವಿರಲಿಲ್ಲ. ಸಂವಿಧಾನ ಕೇಳುವುದು ಒಟ್ಟು ಸದನದ ಬಹುಮತ ಮತ್ತು ಮಂತ್ರಿಗಳ ಸಮಸಂಖ್ಯೆ. ಪ್ರತಿ ಭಾಷಾ ಗುಂಪಿನಲ್ಲೂ ಬಹುಮತ ಬೇಕೆಂದು ಅದು ಕೇಳುವುದಿಲ್ಲ. ಆ ಕಠಿಣ ಷರತ್ತು ಇರುವುದು ಗಡಿ, ಅಧಿಕಾರ ಹಂಚಿಕೆ ಮುಂತಾದ ವಿಷಯಗಳ ವಿಶೇಷ ಕಾನೂನುಗಳಿಗೆ ಮಾತ್ರ: ಎರಡೂ ಗುಂಪಿನಲ್ಲಿ ಬಹುಮತ, ಒಟ್ಟಿನಲ್ಲಿ ಮೂರನೆಯ ಎರಡರಷ್ಟು ಮತ.

ಹಾಗಿದ್ದರೆ ಸರ್ಕಾರ ರಚನೆಗೂ ಎರಡೂ ಗುಂಪಿನ ಬಹುಮತ ಕಡ್ಡಾಯ ಮಾಡಬಾರದೇ ಎಂಬ ಪ್ರಶ್ನೆ ಏಳುತ್ತದೆ. ಅದನ್ನು ಮಾಡಿ ನೋಡಿದ ಜಾಗವೊಂದಿದೆ, ಬ್ರಸೆಲ್ಸ್ ಪ್ರಾಂತ. ಅಲ್ಲಿನ ಸಂಸತ್ತಿನ 89 ಸ್ಥಾನಗಳಲ್ಲಿ 72 ಫ್ರೆಂಚ್ ಭಾಷಿಕರಿಗೆ, 17 ಡಚ್ ಭಾಷಿಕರಿಗೆ ಮೀಸಲು. ಸರ್ಕಾರದಲ್ಲಿ ಒಬ್ಬ ಮುಖ್ಯಮಂತ್ರಿ, ಎರಡೂ ಭಾಷೆಯ ಇಬ್ಬಿಬ್ಬರು ಮಂತ್ರಿಗಳು, ಮೂವರು ಕಿರಿಯ ಸಚಿವರು. ಎರಡೂ ಗುಂಪುಗಳು ತಂತಮ್ಮೊಳಗೆ ಬಹುಮತ ಕೂಡಿಸಿ ಬರಬೇಕು. 2024ರ ಜೂನ್ ಚುನಾವಣೆಯ ನಂತರ ಡಚ್ ಗುಂಪಿನ ಬಹುಮತಕ್ಕೆ ಫ್ಲೆಮಿಶ್ ರಾಷ್ಟ್ರೀಯವಾದಿ ಪಕ್ಷವನ್ನು ಸೇರಿಸಿಕೊಂಡದ್ದಕ್ಕೆ ಫ್ರೆಂಚ್ ಭಾಷಿಕ ಸಮಾಜವಾದಿಗಳು ಒಪ್ಪಲಿಲ್ಲ, ವರ್ಷಕ್ಕೂ ಮಿಕ್ಕಿ ಪೂರ್ಣ ಸರ್ಕಾರವಿಲ್ಲದೆ ರಾಜಧಾನಿ ನಡೆಯಿತು. ಎರಡು ಬಹುಮತ ಬೇಡವೆಂದರೆ ಒಂದು ಸಮುದಾಯ ತನ್ನ ಸಮ್ಮತಿಯಿಲ್ಲದೆ ಆಳಿಸಿಕೊಳ್ಳುತ್ತದೆ. ಬೇಕೆಂದರೆ ಸರ್ಕಾರವೇ ಹುಟ್ಟುವುದಿಲ್ಲ. ಕುರ್ಚಿಗಳ ಲೆಕ್ಕವನ್ನು ಎಷ್ಟು ತಿದ್ದಿದರೂ ಈ ಇಕ್ಕಟ್ಟು ತಪ್ಪದು, ಏಕೆಂದರೆ ಅದರ ಬೇರಿರುವುದು ಮತಪೆಟ್ಟಿಗೆಯಲ್ಲಿ.

ದೇಶದ ಹೊರಗೆ ಬೆಲ್ಜಿಯಂ ಹೆಸರಾದದ್ದು ಸರ್ಕಾರವಿಲ್ಲದ ದಿನಗಳ ದಾಖಲೆಗೆ. ಬ್ರಸೆಲ್ಸ್ ಮತ್ತು ಅದರ ಸುತ್ತಲಿನ ಫ್ಲೆಮಿಶ್ ಊರುಗಳನ್ನು ಸೇರಿಸಿಕೊಂಡಿದ್ದ ಒಂದು ಚುನಾವಣಾ ಕ್ಷೇತ್ರವನ್ನು ಒಡೆಯುವ ಜಗಳದಲ್ಲಿ 2010ರ ಏಪ್ರಿಲ್‌ನಲ್ಲಿ ಸರ್ಕಾರ ಬಿತ್ತು; ಜೂನ್ 13ರ ಚುನಾವಣೆಯಿಂದ 2011ರ ಡಿಸೆಂಬರ್ 6ರವರೆಗೆ 541 ದಿನ ಹೊಸ ಸರ್ಕಾರ ಬರಲಿಲ್ಲ. ಆ ಅವಧಿಯಲ್ಲೂ ದೇಶ ನಿಂತುಹೋಗಲಿಲ್ಲ ಎಂಬುದು ಈ ವ್ಯವಸ್ಥೆಯ ಪರವಾಗಿರುವವರ ವಾದ. ಹಂಗಾಮಿ ಸರ್ಕಾರವೇ 2010ರ ಎರಡನೆಯ ಅರ್ಧದಲ್ಲಿ ಐರೋಪ್ಯ ಒಕ್ಕೂಟದ ಅಧ್ಯಕ್ಷತೆ ವಹಿಸಿತು, ಲಿಬಿಯಾಕ್ಕೆ ಯುದ್ಧವಿಮಾನ ಕಳಿಸಿತು, ಕುಸಿಯುತ್ತಿದ್ದ ಡೆಕ್ಸಿಯಾ ಬ್ಯಾಂಕಿನ ಬೆಲ್ಜಿಯಂ ಶಾಖೆಯನ್ನು 400 ಕೋಟಿ ಯೂರೋ ಕೊಟ್ಟು ರಾಷ್ಟ್ರೀಕರಣ ಮಾಡಿತು. ಶಾಲೆ, ರಸ್ತೆ, ಬಸ್ಸು ಪ್ರಾಂತ ಮತ್ತು ಸಮುದಾಯಗಳ ಕೈಯಲ್ಲಿದ್ದುದರಿಂದ ಅವಕ್ಕೆ ಬಿಸಿ ತಟ್ಟಲಿಲ್ಲ. ಈ ವಾದದಲ್ಲಿ ಹುರುಳಿದೆ, ಆದರೆ ಅದು ಅರ್ಧ ಮಾತ್ರ. ಹಂಗಾಮಿ ಸರ್ಕಾರ ನಡೆಯುತ್ತಿರುವುದನ್ನು ನಡೆಸಬಹುದು; ಪಿಂಚಣಿ, ತೆರಿಗೆ, ಸಾಲಗಳಂಥ ಕಷ್ಟದ ತೀರ್ಮಾನಗಳನ್ನು ಮಾಡುವ ಅಧಿಕಾರ ಅದಕ್ಕಿಲ್ಲ. 2011ರ ನವೆಂಬರ್ 25ರಂದು ಸ್ಟ್ಯಾಂಡರ್ಡ್ ಆ್ಯಂಡ್ ಪೂರ್ಸ್ ದೇಶದ ಸಾಲಯೋಗ್ಯತೆಯ ದರ್ಜೆ ಇಳಿಸಿದ ಮರುದಿನವೇ ಬಜೆಟ್ ಒಪ್ಪಂದ ಕುದುರಿತು. ತಿಂಗಳುಗಟ್ಟಲೆ ಮತದಾರನ ಒತ್ತಡದಿಂದ ಆಗದಿದ್ದುದು ಸಾಲ ಕೊಡುವವನ ಒತ್ತಡದಿಂದ ಒಂದು ದಿನದಲ್ಲಾಯಿತು ಎಂಬುದು ಪ್ರಜಾಪ್ರಭುತ್ವಕ್ಕೆ ಸಮಾಧಾನದ ಸಂಗತಿಯಲ್ಲ.

ಸಮಸಂಖ್ಯೆಯ ನಿಯಮವೇ ಅನ್ಯಾಯ ಎಂಬುದು ಫ್ಲಾಂಡರ್ಸ್‌ನಲ್ಲಿ ಬಲವಾಗಿರುವ ಆಕ್ಷೇಪ. ದೇಶದ ಅರ್ಧಕ್ಕಿಂತ ಹೆಚ್ಚು ಜನ ಫ್ಲಾಂಡರ್ಸ್‌ನವರು, ಮಂತ್ರಿಸ್ಥಾನ ಮಾತ್ರ ಅರ್ಧ. ಬರಿಯ ತಲೆಯೆಣಿಕೆಯಲ್ಲಿ ಇದು ಸರಿಯೇ. ಆದರೆ ಇದು ದಾನವಲ್ಲ, ಕೊಡುಕೊಳ್ಳುವಿಕೆ. ದೇಶದ ಮಟ್ಟದಲ್ಲಿ ಅಲ್ಪಸಂಖ್ಯಾತರಾದ ಫ್ರೆಂಚ್ ಭಾಷಿಕರಿಗೆ ಸಿಕ್ಕ ರಕ್ಷೆಯೇ ಬ್ರಸೆಲ್ಸ್‌ನಲ್ಲಿ ಅಲ್ಪಸಂಖ್ಯಾತರಾದ ಫ್ಲೆಮಿಶ್ ಜನರಿಗೂ ಸಿಕ್ಕಿದೆ: 89ರಲ್ಲಿ 17 ಸ್ಥಾನವಿದ್ದರೂ ಮುಖ್ಯಮಂತ್ರಿಯನ್ನು ಬಿಟ್ಟರೆ ಅರ್ಧ ಮಂತ್ರಿಸ್ಥಾನ. ಒಂದನ್ನು ಕಿತ್ತರೆ ಇನ್ನೊಂದೂ ಬರುತ್ತದೆ. ಮೇಲಾಗಿ ಪ್ರಧಾನಿಯ ಸ್ಥಾನ ಲೆಕ್ಕದ ಹೊರಗಿದ್ದುದು ಬಹುಕಾಲ ಫ್ಲೆಮಿಶ್ ಜನರಿಗೇ ಅನುಕೂಲವಾಯಿತು. 1979ರಿಂದ 2011ರವರೆಗೆ, ಮಾರ್ಟೆನ್ಸ್‌ರಿಂದ ಲೆಟರ್ಮ್‌ವರೆಗೆ, ಪ್ರಧಾನಿಗಳೆಲ್ಲ ಡಚ್ ಭಾಷಿಕರೇ. ಹಿಂದೆ ಇದೇ ಫ್ಲೆಮಿಶ್ ಜನ ಬಹುಸಂಖ್ಯಾತರಾಗಿದ್ದೂ ತಮ್ಮ ಭಾಷೆಗೆ ಪೂರ್ಣ ಮಾನ್ಯತೆಯಿಲ್ಲದೆ ಒಂದು ಶತಮಾನ ಕಳೆದರೆಂಬುದನ್ನು ನೆನೆದರೆ, ಭಾಷೆಯ ವಿಷಯದಲ್ಲಿ ಸಂಖ್ಯೆಯೊಂದೇ ಯಾರಿಗೂ ರಕ್ಷೆಯಲ್ಲವೆಂದು ಒಪ್ಪಬೇಕಾಗುತ್ತದೆ.

ಸ್ವಿಟ್ಜರ್ಲೆಂಡ್‌ನಲ್ಲಿ ಇಂಥ ಕಟ್ಟಳೆಯೇ ಇಲ್ಲದೆ ನಡೆಯುತ್ತಿಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ಅಲ್ಲಿನ ಏಳು ಸದಸ್ಯರ ಫೆಡರಲ್ ಕೌನ್ಸಿಲ್ ಅನ್ನು ಸಂಸತ್ತು ನಾಲ್ಕು ವರ್ಷಕ್ಕೆ ಒಬ್ಬೊಬ್ಬರನ್ನಾಗಿ ಆರಿಸುತ್ತದೆ, ಅವಿಶ್ವಾಸ ನಿರ್ಣಯವಿಲ್ಲ, ಅಧ್ಯಕ್ಷಗಿರಿ ವರ್ಷಕ್ಕೊಬ್ಬರಂತೆ ಸುತ್ತುತ್ತದೆ. ಪ್ರದೇಶಗಳಿಗೂ ಭಾಷೆಗಳಿಗೂ ತಕ್ಕ ಗಮನ ಕೊಡಬೇಕೆಂದು ಸಂವಿಧಾನ ಹೇಳುತ್ತದೆ, ಸಂಖ್ಯೆ ಹೇಳುವುದಿಲ್ಲ. ಇಟಾಲಿಯನ್ ಭಾಷಿಕರಿಗೆ 1999ರಿಂದ 2017ರವರೆಗೆ ಅಲ್ಲಿ ಸ್ಥಾನವೇ ಸಿಗಲಿಲ್ಲ, ಆದರೂ ದೇಶ ಅಲುಗಲಿಲ್ಲ. ಇದಕ್ಕೆ ಕಾರಣ ಸ್ವಿಸ್ ಜನರ ಒಳ್ಳೆಯತನವೆಂದು ಹೇಳುವುದು ಸುಲಭ. ನಿಜವಾದ ಕಾರಣ, ಅಲ್ಲಿನ ದೊಡ್ಡ ಪಕ್ಷಗಳು ಎಲ್ಲ ಭಾಷೆಯ ಕ್ಯಾಂಟನ್‌ಗಳಲ್ಲೂ ಮತ ಕೇಳುತ್ತವೆ. ಒಂದು ಭಾಷೆಯನ್ನು ಕೆಣಕಿದ ಪಕ್ಷ ತನ್ನದೇ ಮತ ಕಳೆದುಕೊಳ್ಳುತ್ತದೆ. ಬರ್ನ್ ಕ್ಯಾಂಟನ್ ಈ ತತ್ತ್ವವನ್ನು ಗಣಿತವಾಗಿಯೇ ಬರೆದಿದೆ. ಜರ್ಮನ್ ಭಾಷಿಕರು ಬಹುಸಂಖ್ಯಾತರಾದ ಆ ಕ್ಯಾಂಟನ್‌ನ ಏಳು ಮಂತ್ರಿಸ್ಥಾನಗಳಲ್ಲಿ ಒಂದು ಬರ್ನೀಸ್ ಜುರಾದ ಫ್ರೆಂಚ್ ಭಾಷಿಕರಿಗೆ ಮೀಸಲು. ಆ ಸ್ಥಾನಕ್ಕೆ ಗೆಲ್ಲುವವನನ್ನು ತೀರ್ಮಾನಿಸುವುದು ಇಡೀ ಕ್ಯಾಂಟನ್‌ನಲ್ಲಿ ಬಿದ್ದ ಮತವನ್ನೂ ಜುರಾದಲ್ಲಿ ಬಿದ್ದ ಮತವನ್ನೂ ಗುಣಿಸಿ ತೆಗೆದ ವರ್ಗಮೂಲ. ಬಹುಸಂಖ್ಯಾತರಿಗೆ ಮಾತ್ರ ಹಿಡಿಸಿದವನೂ, ತನ್ನವರಿಗೆ ಮಾತ್ರ ಹಿಡಿಸಿದವನೂ ಅಲ್ಲಿ ಗೆಲ್ಲುವುದು ಕಷ್ಟ. ಕುರ್ಚಿ ಯಾರದೆಂಬುದರ ಜೊತೆಗೆ ಕುರ್ಚಿಯ ಹೊಣೆ ಯಾರಿಗೆಂಬುದನ್ನೂ ಈ ನಿಯಮ ಹೇಳಿಬಿಡುತ್ತದೆ.

ಬೆಲ್ಜಿಯಂನಲ್ಲೂ ಇದನ್ನು ಯೋಚಿಸಿದವರಿಲ್ಲದಿಲ್ಲ. ಫಿಲಿಪ್ ವಾನ್ ಪಾರೈಸ್ ಮತ್ತು ಕ್ರಿಸ್ ಡೆಸ್ಕೌವರ್ ಮೊದಲಾದ ವಿದ್ವಾಂಸರ ಪಾವಿಯಾ ಗುಂಪು 2007ರಲ್ಲಿ ಒಂದು ಸಲಹೆ ಮುಂದಿಟ್ಟಿತು: ಕೆಳಮನೆಯ 150 ಸ್ಥಾನಗಳಲ್ಲಿ 15ನ್ನು ಇಡೀ ದೇಶವೇ ಒಂದು ಕ್ಷೇತ್ರವಾಗಿ ಆರಿಸಲಿ. ಮಂತ್ರಿಯಾಗಬಯಸುವ ನಾಯಕರು ಆಗ ಗಡಿ ದಾಟಿ ಇನ್ನೊಂದು ಭಾಷೆಯಲ್ಲಿ ಮತ ಕೇಳಬೇಕಾಗುತ್ತದೆ. ಫ್ಲೆಮಿಶ್ ಪಕ್ಷಗಳಿಗೆ ಇದರಲ್ಲಿ ಹಳೆಯ ಏಕಕೇಂದ್ರ ದೇಶದ ನೆರಳು ಕಾಣುತ್ತದೆ; ದೊಡ್ಡ ಭಾಷಾ ಗುಂಪು ಚಿಕ್ಕದನ್ನು ಮುಳುಗಿಸೀತೆಂಬ ಅಂಜಿಕೆ ಫ್ರೆಂಚ್ ಭಾಷಿಕರಿಗೆ. ಎರಡು ಅಂಜಿಕೆಗಳಿಗೂ ಉತ್ತರವಿದೆ: ಸಮಸಂಖ್ಯೆಯ ಮಂತ್ರಿಮಂಡಲ, ಎಚ್ಚರಿಕೆ ಗಂಟೆ, ಎರಡು ಬಹುಮತದ ವಿಶೇಷ ಕಾನೂನು ಯಾವುದೂ ಇದರಿಂದ ಸಡಿಲವಾಗುವುದಿಲ್ಲ, ಶಾಲೆಯೂ ಸಂಸ್ಕೃತಿಯೂ ಸಮುದಾಯಗಳ ಕೈಯಲ್ಲೇ ಉಳಿಯುತ್ತವೆ. ಬದಲಾಗುವುದು ಮಂತ್ರಿಗೆ ಎದುರಾಗುವ ಮತದಾರ ಮಾತ್ರ. 2025ರ ಫೆಬ್ರವರಿ 3ರಂದು ಅಧಿಕಾರಕ್ಕೆ ಬಂದ ಬಾರ್ಟ್ ಡೆ ವೇವರ್ ಸರ್ಕಾರಕ್ಕೆ ಎರಡೂ ಭಾಷಾ ಗುಂಪುಗಳಲ್ಲಿ ಬಹುಮತವಿದೆ, ಫ್ಲೆಮಿಶ್ ರಾಷ್ಟ್ರೀಯವಾದಿಯೊಬ್ಬರು ಇಡೀ ದೇಶದ ಪ್ರಧಾನಿಯಾಗಿದ್ದಾರೆ. ಆದರೂ ಅದರ ಐದು ಪಕ್ಷಗಳಲ್ಲಿ ಮೂರು ಫ್ಲಾಂಡರ್ಸ್‌ಗೆ, ಎರಡು ವಲೋನಿಯಾ ಮತ್ತು ಬ್ರಸೆಲ್ಸ್‌ಗೆ ಸೇರಿದವು, ಅದು ಕೂಡಿಬರಲು ಚುನಾವಣೆಯ ನಂತರ ಎಂಟು ತಿಂಗಳಷ್ಟು ಕಾಲ ಹಿಡಿಯಿತು. ದೇಶವ್ಯಾಪಿ ಕ್ಷೇತ್ರಕ್ಕೆ ಸಂವಿಧಾನ ತಿದ್ದುಪಡಿ ಬೇಕು, ತಿದ್ದುಪಡಿಗೆ ಮೂರನೆಯ ಎರಡರಷ್ಟು ಮತ ಬೇಕು. ಆ ಮತ ಬರಬೇಕಾದದ್ದು ಅರ್ಧ ದೇಶದಲ್ಲಿ ಮಾತ್ರ ಗೆದ್ದು ಬರುವ ಇದೇ ಪಕ್ಷಗಳಿಂದ. ಇದುವರೆಗೆ ಅದು ಕೂಡಿಬಂದಿಲ್ಲ.